ನಾಯಿ ಕಾಯುವ ಕುದ್ರು

ವಾರ್ನಂಬೂಲ್, ವಿಕ್ಟೋರಿಯಾ, ಆಸ್ಟ್ರೇಲಿಯಾ
10 ಫೆಬ್ರವರಿ 2019, ಭಾನುವಾರ

ಪ್ರೀತಿಯ ಅಪ್ಪಯ್ಯ, ಅಮ್ಮನಿಗೆ,

ನಾನು ಆರಾಮ ಇದ್ದೇನೆ. ನೀವೆಲ್ಲ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ಅಜ್ಜಿಯ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕುವುದನ್ನು ಬಿಡಬೇಡಿ.

ಮೊನ್ನೆ ಫೋನಿನಲ್ಲಿ ನೀವು ಕಡಲಾಮೆ ಗೂಡಿನ ಸುದ್ದಿ ಹೇಳಿದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಜನವರಿ 28ರ ಬೆಳಗಿನ ಜಾವ ನನ್ನ ತಮ್ಮ ಕೈರಂಪಣಿ ಬಲೆ ಎಳೆಯಲು ಹೋಗುವಾಗ ಹೊಯ್ಗೆಯ ಮೇಲೆ ಆಮೆ ಎಳೆದುಕೊಂಡು ಹೋದ ಗುರುತು ನೋಡಿದ ಅಂದಿರಿ. ಅವನು ಗೂಡಿನ ಮೇಲೆ ತೆಂಗಿನ ಮಡ್ಲು ಮುಚ್ಚಿ, ಹಳೆ ಬಲೆ ಸುತ್ತಿ ಬಂದ ಅಂದಿರಿ. ಆಮೇಲೆ ನೀವು, "ಕಡಲಿನದ್ದನ್ನು ಕಡಲೇ ನೋಡಿಕೊಳ್ಳುತ್ತದೆ ಮಗಾ, ನಾವು ಯಾಕೆ ಕೈ ಹಾಕಬೇಕು" ಅಂದಿರಿ. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಮಾತಿಗೆ ಉತ್ತರ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ. ಅಮ್ಮ, ಅಜ್ಜಿಗೆ ಓದಿ ಹೇಳು.

ಈ ಊರಿನ ದಡದ ಹತ್ತಿರವೇ ಒಂದು ಸಣ್ಣ ದ್ವೀಪ ಇದೆ. ಮಿಡಲ್ ಐಲ್ಯಾಂಡ್ ಅಂತ ಹೆಸರು. ಮೆರಿ ಅನ್ನುವ ನದಿ ಕಡಲು ಸೇರುವ ಅಳಿವೆಯ ಪಕ್ಕದಲ್ಲೇ ಇದೆ. ನಮ್ಮ ಕಡೆಯಾಗಿದ್ದರೆ ಕುದ್ರು ಅನ್ನುತ್ತಿದ್ದೆವು. ಸುತ್ತಳತೆ ಎಷ್ಟು ಕಡಿಮೆ ಅಂದರೆ ನೀವಾದರೆ ಒಂದು ಬೀಡಿ ಮುಗಿಯುವುದರೊಳಗೆ ಸುತ್ತಿ ಬರುತ್ತೀರಿ. ಅಲ್ಲಿ ಪೆಂಗ್ವಿನ್‌ಗಳಿವೆ. ಟಿವಿಯಲ್ಲಿ ಹಿಮದ ಮೇಲೆ ನಡೆಯುವ ದೊಡ್ಡ ಪೆಂಗ್ವಿನ್ ಅಲ್ಲ. ಇವು ಒಂದಡಿಗಿಂತ ಸ್ವಲ್ಪ ಜಾಸ್ತಿ ಎತ್ತರ, ತೂಕ ಹೆಚ್ಚುಕಮ್ಮಿ ಒಂದು ಕೆಜಿ. ಬೆನ್ನು ನೀಲಿ, ಹೊಟ್ಟೆ ಬಿಳಿ. ಪೆಂಗ್ವಿನ್ ಜಾತಿಯಲ್ಲೇ ಎಲ್ಲಕ್ಕಿಂತ ಸಣ್ಣವು. ಹಗಲೆಲ್ಲ ಕಡಲಲ್ಲಿ ಸಣ್ಣ ಮೀನು ಹಿಡಿದು, ಕತ್ತಲಾದ ಮೇಲೆ ಗುಂಪುಗುಂಪಾಗಿ ದಡ ಹತ್ತುತ್ತವೆ. ನೆಲದಲ್ಲಿ ಬಿಲ ಮಾಡಿ ಎರಡು ಮೊಟ್ಟೆ ಇಡುತ್ತವೆ. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಕಾವು ಕೂರುತ್ತವೆ.

ನಡೆದದ್ದು ಏನೆಂದರೆ, ದಡಕ್ಕೂ ದ್ವೀಪಕ್ಕೂ ನಡುವೆ ಇರುವ ನೀರು ತುಂಬಾ ಕಡಿಮೆ. ಹೊಯ್ಗೆ ತುಂಬಿಕೊಂಡು ಇಳಿತದ ಹೊತ್ತಿಗೆ ನಡೆದೇ ದಾಟುವಷ್ಟಾಗುತ್ತದೆ. ಹಾಗೆ ದಾಟಿ ಬಂದದ್ದು ನರಿ. ನಮ್ಮ ಗುಡ್ಡದ ನರಿ ಅಲ್ಲ ಅಪ್ಪಯ್ಯ, ಯುರೋಪಿನ ಕೆಂಪು ನರಿ. ಇಲ್ಲಿಗೆ ಬಂದು ನೆಲೆಸಿದ ಬಿಳಿಯರು 1800ರ ದಶಕಗಳಲ್ಲಿ ಬೇಟೆಯ ಮೋಜಿಗೆ ಹಡಗಿನಲ್ಲಿ ತಂದು ಬಿಟ್ಟದ್ದು. ಅವು ದೇಶದ ಬಹುಭಾಗಕ್ಕೆ ಹಬ್ಬಿದವು. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ಅಂಥ ಪ್ರಾಣಿಯ ಪರಿಚಯವೇ ಇರಲಿಲ್ಲ. ಓಡುವುದೂ ಗೊತ್ತಿಲ್ಲ, ಹಾರುವುದೂ ಆಗುವುದಿಲ್ಲ. ನರಿ ಹಸಿವಿಗೆ ಒಂದನ್ನು ತಿಂದು ಹೋಗುವುದಿಲ್ಲ, ಕೋಳಿಗೂಡಿಗೆ ನುಗ್ಗಿದ ಹಾಗೆ ಸಿಕ್ಕಿದ್ದನ್ನೆಲ್ಲ ಕೊಂದು ಹಾಕುತ್ತದೆ. 2000ದ ಸುಮಾರಿಗೆ ಈ ದ್ವೀಪದಲ್ಲಿ ನೂರಾರು ಪೆಂಗ್ವಿನ್ ಇದ್ದವು. 2005ರ ಹೊತ್ತಿಗೆ ಹತ್ತು ಕೂಡ ಉಳಿದಿರಲಿಲ್ಲ.

ಆಗ ಉಪಾಯ ಹೇಳಿದ್ದು ಒಬ್ಬ ಕೋಳಿ ಸಾಕುವ ರೈತ. ಊರಲ್ಲಿ ಎಲ್ಲರೂ ಅವರನ್ನು ಸ್ವಾಂಪಿ ಮಾರ್ಷ್ ಅಂತ ಕರೆಯುತ್ತಾರೆ. ಅವರ ಕೋಳಿಗಳನ್ನು ಕಾಯುತ್ತಿದ್ದದ್ದು ಮರೆಮ್ಮಾ ಜಾತಿಯ ನಾಯಿ. ಇಟಲಿಯ ಕುರುಬರು ಕುರಿ ಕಾಯಲು ತಲೆತಲಾಂತರದಿಂದ ಸಾಕಿಕೊಂಡು ಬಂದ ದೊಡ್ಡ ಬಿಳಿ ನಾಯಿ ಅದು. ಕೋಳಿ ಕಾಯುವ ನಾಯಿ ಪೆಂಗ್ವಿನ್ ಯಾಕೆ ಕಾಯಬಾರದು ಅಂತ ಅವರ ಮಾತು. 2006ರಲ್ಲಿ ಆಡ್‌ಬಾಲ್ ಅನ್ನುವ ಅವರ ನಾಯಿಯನ್ನು ದ್ವೀಪಕ್ಕೆ ಬಿಟ್ಟರು. ನರಿ ಬರುವುದು ನಿಂತಿತು. ನಾಯಿ ಯಾರ ಜೊತೆಗೂ ಜಗಳ ಆಡಬೇಕಾಗಿಲ್ಲ ಅಪ್ಪಯ್ಯ. ಅದರ ವಾಸನೆ, ಅದರ ಬೊಗಳು ಇದ್ದರೆ ಸಾಕು, ನರಿ ಆಚೆಯ ದಡದಿಂದಲೇ ವಾಪಸು ಹೋಗುತ್ತದೆ. ಹಕ್ಕಿ ಮತ್ತೆ ನೂರು ದಾಟಿತು. ಆಮೇಲೆ ಬಂದ ಎರಡು ನಾಯಿಗಳಿಗೆ ಯೂಡಿ, ಟೂಲಾ ಅಂತ ಹೆಸರಿಟ್ಟರು. ಈ ಪೆಂಗ್ವಿನ್‌ಗೆ ವಿಜ್ಞಾನಿಗಳು ಇಟ್ಟ ಹೆಸರು ಯೂಡಿಪ್ಟುಲಾ. ಅದನ್ನೇ ಎರಡು ತುಂಡು ಮಾಡಿ ಇಬ್ಬರಿಗೆ ಹಂಚಿದ್ದು!

ದ್ವೀಪಕ್ಕೆ ಸುಮ್ನೆ ಹೋಗಲು ಯಾರನ್ನೂ ಬಿಡುವುದಿಲ್ಲ. ಬಿಲದ ಮೇಲೆ ಕಾಲಿಟ್ಟರೆ ಕುಸಿಯುತ್ತದಲ್ಲ, ಅದಕ್ಕೆ. ಬೇಸಿಗೆಯಲ್ಲಿ ಮಾತ್ರ ನಾಲ್ಕಾರು ಜನರನ್ನು ಕಟ್ಟಿಕೊಂಡು ಒಬ್ಬರು ಗೈಡ್ ಕರೆದುಕೊಂಡು ಹೋಗುತ್ತಾರೆ. ಹೋದ ಶನಿವಾರ ರಜೆ ಇತ್ತು, ಇಳಿತದ ಹೊತ್ತೂ ಸರಿಹೊಂದಿತು, ನಾನೂ ಹೋದೆ. ಚಪ್ಪಲಿ ಕೈಯಲ್ಲಿ ಹಿಡಿದು, ಮೊಣಕಾಲುದ್ದದ ನೀರಿನಲ್ಲಿ ದಾಟಿದೆವು. ಫೆಬ್ರವರಿ ಬೇಸಿಗೆ ಅನ್ನುತ್ತಾರೆ, ನೀರು ಮಾತ್ರ ಮಂಜುಗಡ್ಡೆ. ಹಗಲಾದ್ದರಿಂದ ಪೆಂಗ್ವಿನ್ ಒಂದೂ ಕಾಣಲಿಲ್ಲ. ಆದರೆ ಒಂದು ಬಿಲದ ಬಾಯಿಯಲ್ಲಿ ಬಗ್ಗಿ ನೋಡಿದೆ. ಹೊಯ್ಗೆಯ ಮೇಲೆ ಸಣ್ಣ ಸಣ್ಣ ಗರಿ ಉದುರಿ ಬಿದ್ದಿದ್ದವು, ಕೊಬ್ಬರಿ ತುರಿದು ಚೆಲ್ಲಿದ ಹಾಗೆ. ಒಳಗಿನಿಂದ ಒಣಮೀನಿನ ವಾಸನೆ ಬಂತು. ಗಂಗೊಳ್ಳಿ ಬಂದರಿನ ಹಿಂದುಗಡೆ ಮೀನು ಒಣಗಿಸುವ ಜಾಗ ಇದೆಯಲ್ಲ, ಥೇಟ್ ಅದೇ ವಾಸನೆ. ನನಗೆ ಒಮ್ಮೆಲೇ ಕಣ್ಣಲ್ಲಿ ನೀರು ಬಂತು. ಮರಿ ಬೆಳೆದು ಹೋದ ಮೇಲೆ ಈ ಹಕ್ಕಿಗಳು ಹಳೆ ಗರಿ ಉದುರಿಸಿ ಹೊಸ ಗರಿ ಹಾಕಿಕೊಳ್ಳುತ್ತವಂತೆ. ಅದಕ್ಕೆ ಎರಡು ವಾರಕ್ಕೂ ಜಾಸ್ತಿ ಬೇಕು. ಅಷ್ಟು ದಿನ ಕಡಲಿಗೆ ಇಳಿಯುವಂತಿಲ್ಲ, ಊಟವೂ ಇಲ್ಲ. ಆ ಹೊತ್ತಿಗೆ ನರಿ ಬಂದರೆ ಏನು ಗತಿ ಹೇಳಿ.

ನಾಯಿಯನ್ನೂ ನೋಡಿದೆ. ನಮ್ಮ ಕರಿಯನ ಎರಡರಷ್ಟಿದೆ. ಕಾಲಿನ ರೋಮಕ್ಕೆಲ್ಲ ಒದ್ದೆ ಹೊಯ್ಗೆ ಮೆತ್ತಿಕೊಂಡಿತ್ತು. ನಾನು ಕೈ ಚಾಚಿದರೆ ಮೂಸಿತು, ಅಷ್ಟೇ. ಕಣ್ಣು ನನ್ನ ಮೇಲಿರಲಿಲ್ಲ, ಪೂರ್ತಿ ಆಚೆಯ ದಡದ ಮೇಲಿತ್ತು. ಅಲ್ಲಿ ಯಾರೋ ತಮ್ಮ ನಾಯಿ ತಿರುಗಾಡಿಸುತ್ತಿದ್ದರು. ಅವರು ಕಣ್ಮರೆಯಾಗುವವರೆಗೆ ಇದು ನಿಂತ ಜಾಗ ಬಿಟ್ಟು ಕದಲಲಿಲ್ಲ.

ಈಗ ನಿಮಗೆ ಹೇಳಬೇಕಾದ ಮಾತಿಗೆ ಬರುತ್ತೇನೆ. 2017ರಲ್ಲಿ ಗಾಳಿ, ತೆರೆ ಜೋರಾಗಿ ನಾಯಿಗಳನ್ನು ದ್ವೀಪಕ್ಕೆ ದಾಟಿಸಲು ಆಗಲಿಲ್ಲ. ಆ ಬಿಡುವಿನಲ್ಲೇ ನರಿ ಬಂತು. ನೂರಕ್ಕೂ ಹೆಚ್ಚು ಪೆಂಗ್ವಿನ್ ಸತ್ತವು. ಹತ್ತು ವರ್ಷ ಕಾದದ್ದರಲ್ಲಿ ಬಹುಪಾಲು ಕೆಲವೇ ದಿನದಲ್ಲಿ ಹೋಯಿತು. ನಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. ಅವರಿಗೆ ಆ ಸುದ್ದಿ ಕೇಳಿದ ದಿನ ಊಟ ಸೇರಲಿಲ್ಲವಂತೆ. ಸಣ್ಣವರಿದ್ದಾಗ ಅಣ್ಣಂದಿರ ಜೊತೆ ದ್ವೀಪಕ್ಕೆ ಹೋಗಿ ಬಿಲದೊಳಗೆ ಕೈ ಹಾಕಿ ಕಚ್ಚಿಸಿಕೊಂಡದ್ದನ್ನು ನನಗೆ ಹೇಳುತ್ತಿರುತ್ತಾರೆ. ಬೆರಳು ತೋರಿಸುತ್ತಾರೆ.

ಕಡಲಿನದ್ದನ್ನು ಕಡಲೇ ನೋಡಿಕೊಳ್ಳುತ್ತದೆ ಅನ್ನುವುದು ನಿಮ್ಮ ಅಜ್ಜನ ಕಾಲಕ್ಕೆ ನಿಜ ಇತ್ತು ಅಪ್ಪಯ್ಯ. ನರಿಯನ್ನು ತಂದದ್ದು ಕಡಲಲ್ಲ, ಜನ. ನಮ್ಮ ದಡದಲ್ಲಿ ಇಷ್ಟೊಂದು ಬೀದಿನಾಯಿ ಇರುವುದು ಯಾಕೆ ಹೇಳಿ? ನಾವು ಬಿಸಾಡುವ ಮೀನಿನ ತಲೆ, ಹೋಟೆಲಿನವರು ಸುರಿಯುವ ಎಂಜಲು. ಹೋದ ವರ್ಷ ಎರಡು ಗೂಡು ಅಗೆದು ತಿಂದದ್ದು ಅವೇ ಅಂತ ತಮ್ಮ ಹೇಳಿದ್ದ. ಮೊಟ್ಟೆಯ ಸಿಪ್ಪೆ ಹೊಯ್ಗೆ ಮೇಲೆ ಚೆಲ್ಲಾಡಿದ ಫೋಟೋ ಕಳಿಸಿದ್ದ, ಅದು ಇನ್ನೂ ನನ್ನ ಮೊಬೈಲಿನಲ್ಲಿದೆ. ಇಲ್ಲಿ ನಾಯಿ ಮೊಟ್ಟೆ ಕಾಯುತ್ತದೆ, ಅಲ್ಲಿ ನಾಯಿ ಮೊಟ್ಟೆ ಅಗೆಯುತ್ತದೆ. ನಾಯಿಯ ತಪ್ಪು ಏನೂ ಇಲ್ಲ, ಅಲ್ವಾ? ನೀವೇ ಬಲೆಯಲ್ಲಿ ಆಮೆ ಸಿಕ್ಕಿದಾಗ ಕೈಮುಗಿದು, ಕೂರ್ಮಾವತಾರ ಅಂತ ಬಲೆ ಕೊಯ್ದು ಬಿಟ್ಟವರು. ಬಲೆ ಹೋಯಿತು ಅಂತ ಅಮ್ಮ ಬೈದದ್ದೂ ನೆನಪಿದೆ. ಆವತ್ತು ಕೈ ಹಾಕಿದ ಹಾಗೆಯೇ ಈಗಲೂ ಅಂತ ತಿಳಿದುಕೊಳ್ಳಿ.

ಇಲ್ಲಿ ತಿಮಿಂಗಿಲವೂ ಬರುತ್ತದೆ ಅಂತ ಅಜ್ಜಿಗೆ ಹೇಳಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಲೋಗನ್ಸ್ ಬೀಚ್ ಅನ್ನುವಲ್ಲಿಗೆ ಮರಿ ಹಾಕಲು ಬರುತ್ತವೆ. ಹೋದ ಆಗಸ್ಟ್‌ನಲ್ಲಿ ಅಟ್ಟಣಿಗೆಯ ಮೇಲೆ ನಿಂತು ತಾಯಿ ಮರಿ ಎರಡನ್ನೂ ನೋಡಿದೆ. ಮರಿ ತಾಯಿಯ ಬೆನ್ನಿಗೆ ಉಜ್ಜಿಕೊಂಡೇ ಈಜುತ್ತಿತ್ತು. ಒಂದು ಕಾಲದಲ್ಲಿ ಎಣ್ಣೆಗಾಗಿ ಇವನ್ನು ಕೊಂದು ಮುಗಿಸುತ್ತಾ ಬಂದಿದ್ದರು. ಈಗ ಅವು ಬರುವ ತಿಂಗಳುಗಳಲ್ಲಿ ಆ ಜಾಗಕ್ಕೆ ಬೋಟು ಇಳಿಸುವಂತಿಲ್ಲ. ಜೂನ್ 1ರಿಂದ 61 ದಿನ ನಮ್ಮ ಬೋಟು ದಡ ಸೇರುತ್ತದಲ್ಲ, ಹಾಗೆ. ಆ ದಿನಗಳ ಕಷ್ಟ ನನಗೆ ಗೊತ್ತು, ಮನೆಯಲ್ಲಿ ಗಂಜಿ ಕುಡಿದು ಬೆಳೆದವಳೇ ನಾನು. ಆದರೂ ಮೀನು ಮರಿ ಮಾಡಲಿ ಅಂತ ನೀವು ಬಲೆ ಕಟ್ಟಿಟ್ಟು ಕೂರುತ್ತೀರಿ. ಅಷ್ಟು ಮಾಡುವವರಿಗೆ ಒಂದು ಗೂಡು ಕಾಯುವುದು ದೊಡ್ಡದಲ್ಲ.

ತಮ್ಮನಿಗೆ ಹೇಳಿ, ಗೂಡನ್ನು ಅವನಾಗಿ ಅಗೆದು ಮೊಟ್ಟೆ ಬೇರೆ ಕಡೆ ಇಡುವುದು ಬೇಡ. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಲಿ. ಅವರು ಬರುವವರೆಗೆ ರಾತ್ರಿ ಹೊತ್ತು ಯಾರಾದರೂ ಒಬ್ಬರು ಅಲ್ಲಿರಬೇಕು. ಸುತ್ತ ಕಬ್ಬಿಣದ ಜಾಳಿಗೆ ಹಾಕಿದರೆ ಒಳ್ಳೆಯದು, ಬಲೆಯನ್ನು ನಾಯಿ ಹರಿದುಬಿಡುತ್ತದೆ. ಅದರ ಕಣ್ಣು ಮರಿ ಹೊರಗೆ ಬರುವಷ್ಟು ದೊಡ್ಡದಿರಬೇಕು. ಕರಿಯನನ್ನು ರಾತ್ರಿ ಕಟ್ಟಿ ಹಾಕಿ.

ಮೊಟ್ಟೆ ಒಡೆಯಲು 45ರಿಂದ 60 ದಿನ ಬೇಕು. ನಾನು ಕ್ಯಾಲೆಂಡರಿನಲ್ಲಿ ಲೆಕ್ಕ ಹಾಕಿದ್ದೇನೆ. ಮಾರ್ಚ್ 14ರಿಂದ 29ರ ಒಳಗೆ ಆಗಬೇಕು. ಆ ಎರಡು ವಾರ ಅಂಗಳದ ಟ್ಯೂಬ್‌ಲೈಟ್ ಹಾಕಬೇಡಿ ಅಮ್ಮ. ಮರಿಗಳು ಬೆಳಕು ಕಂಡ ಕಡೆ ಹೊರಡುತ್ತವೆ. ಕಡಲ ಕಡೆಗೆ ಹೋಗಬೇಕಾದವು ನಮ್ಮ ತೆಂಗಿನ ತೋಟಕ್ಕೆ ಬಂದುಬಿಟ್ಟಾವು. ಪಕ್ಕದ ಮನೆಯವರಿಗೂ ನೀನೇ ಹೇಳು, ನಿನ್ನ ಮಾತು ಅವರು ಕೇಳುತ್ತಾರೆ.

ಮರಿ ಹೊರಟ ತಕ್ಷಣ ವಿಡಿಯೋ ಕಾಲ್ ಮಾಡಲಿ ತಮ್ಮ. ನಿಮಗೆ ನಡುರಾತ್ರಿ ಮೂರು ಗಂಟೆ ಅಂದರೆ ಇಲ್ಲಿ ಬೆಳಗ್ಗೆ ಎಂಟೂವರೆ, ನಾನು ಎದ್ದಿರುತ್ತೇನೆ. ಟಾರ್ಚ್ ಮಾತ್ರ ಮರಿಗಳ ಮೇಲೆ ಬಿಡಬೇಡ ಅಂತ ಹೇಳಿ. ಕತ್ತಲೆಯಲ್ಲಿ ಏನೂ ಕಾಣದಿದ್ದರೂ ಪರವಾಗಿಲ್ಲ. ಅಜ್ಜಿಯ ದನಿ, ತೆರೆಯ ಸದ್ದು ಕೇಳಿದರೆ ಸಾಕು ನನಗೆ.

ನಿಮ್ಮ ಪ್ರೀತಿಯ ಮಗಳು,
ಸುಮ