ಇಳಿಯುವವರಿಗೂ ಗುರುತು ಬೇಕು

ಮಾನ್ಯ ಸಂಪಾದಕರೇ,

ಮಧುಗಿರಿ, ದೇವರಾಯನದುರ್ಗದ ಜನಜಂಗುಳಿ ಬೇಡವೆನ್ನುವ ಚಾರಣಿಗರು ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗವನ್ನು ಹುಡುಕಿಕೊಂಡು ಬರುತ್ತಾರೆ. ಬರಲಿ. ಪಾಳೆಯಗಾರರ ಕಾಲದ ಕೋಟೆಗೋಡೆ, ನೆತ್ತಿಯ ಮೇಲಿನ ಹಾಳು ಗುಡಿ ನೋಡತಕ್ಕಂಥವೇ. ಆದರೆ ಇದು ಮಧುಗಿರಿಯಂತೆ ಕಂಬಿ ಹಿಡಿದು ಹತ್ತುವ ಬೆಟ್ಟವಲ್ಲ.

ಇಲ್ಲಿ ಕಷ್ಟವಿರುವುದು ಹತ್ತುವುದರಲ್ಲಲ್ಲ, ಇಳಿಯುವುದರಲ್ಲಿ. ನಮ್ಮ ಕಡೆಯ ಬೋಳು ಬಂಡೆಗಳು ಆನೆಯ ಬೆನ್ನಿನಂತೆ ಉಬ್ಬಿಕೊಂಡಿವೆ. ಮೇಲೆ ನಿಂತವರ ಕಣ್ಣಿಗೆ ಮೊದಲ ಐವತ್ತು ಅಡಿ ಸಲೀಸಾದ ಇಳಿಜಾರು. ಅದರಾಚೆ ಬಂಡೆ ಕಡಿದಾಗಿ ಬಿದ್ದಿರುವುದು ಕಾಣುವುದೇ ಇಲ್ಲ. ಊರು ಕೆಳಗೆ ಕಾಣುತ್ತಿದೆಯಲ್ಲ ಎಂದು ನೇರ ಇಳಿದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ದಾರಿ ತಪ್ಪಿತೆನ್ನಿಸಿದರೆ ಕೆಳಗಿಳಿಯಬಾರದು. ಕೊನೆಯದಾಗಿ ದಾಟಿದ ದಿಡ್ಡಿ ಬಾಗಿಲಿಗೆ ವಾಪಸ್ ಹತ್ತಬೇಕು. ಅದಕ್ಕೇ ಪ್ರತಿ ಬಾಗಿಲು ದಾಟಿದ ಮೇಲೆ ಒಮ್ಮೆ ಹಿಂತಿರುಗಿ ನೋಡಿ, ಪಕ್ಕದ ಗುಂಡನ್ನೋ ಮರವನ್ನೋ ನೆನಪಿಟ್ಟುಕೊಳ್ಳಬೇಕು.

ಬೆಟ್ಟಗಳಲ್ಲಿ ಯಾರೋ ಬಳಿದ ಬಾಣಗಳು ಹತ್ತುವವರ ಮುಖಕ್ಕೇ ಇರುತ್ತವೆ. ಇಳಿಯುವಾಗ ಅವು ಬಂಡೆಯ ಆಚೆ ಮಗ್ಗುಲಲ್ಲಿ ಉಳಿಯುತ್ತವೆ. ಗ್ರಾಮ ಪಂಚಾಯಿತಿ ಮತ್ತು ಸಂಬಂಧಪಟ್ಟ ಇಲಾಖೆ ದಾರಿ ತಿರುಗುವ ಕಡೆಗಳಲ್ಲಿ ಮೇಲಿನಿಂದ ಬರುವವರಿಗೆ ಕಾಣುವಂತೆ ಅಡಿಯುದ್ದದ ಬಿಳಿ ಪಟ್ಟೆ ಎಳೆಸಿದರೆ ಸಾಕು. ಕೋಟೆಯ ಕಲ್ಲಿಗೆ ಮಾತ್ರ ಬಣ್ಣ ಬೇಡ. ಕಾಂಕ್ರೀಟ್ ಮೆಟ್ಟಿಲಂತೂ ಬೇಡವೇ ಬೇಡ.

ಬಂಡೆಯ ಮೇಲೆ ನೀರು ಹರಿದ ಕಪ್ಪು ಪಟ್ಟೆಗಳನ್ನು ಗಮನಿಸಿ. ಅದು ಒಣಗಿದ ಪಾಚಿ. ಬಿಸಿಲಲ್ಲಿ ಕಾಲಿಗೆ ಹಿಡಿತ ಕೊಡುವ ಅದೇ ಜಾಗ ನಾಲ್ಕು ಹನಿ ಬಿದ್ದರೆ ಸಾಬೂನಿನಂತಾಗುತ್ತದೆ. ಮಳೆ ಬಂದರೆ ಬಂಡೆ ಆರುವವರೆಗೆ ಕಾಯುವುದೇ ಸರಿ. ಗುಡುಗಿದರೆ ಮಾತ್ರ ನೆತ್ತಿಯಲ್ಲಿ ನಿಲ್ಲಬಾರದು. ಒಣ ಬಂಡೆಯಲ್ಲೂ ಪದರು ಕಿತ್ತು ಉದುರಿದ ಹರಳುಮರಳು ಕಾಲಡಿ ಉರುಳುತ್ತದೆ. ಹೆದರಿ ಹಿಂದಕ್ಕೆ ವಾಲಿದರೆ ಭಾರವೆಲ್ಲ ಹಿಮ್ಮಡಿಗೆ ಬಿದ್ದು ಕಾಲು ಜಾರುತ್ತದೆ. ಮಂಡಿ ಸ್ವಲ್ಪ ಮಡಚಿ, ಪೂರ್ತಿ ಅಂಗಾಲು ಊರಿ, ಗಿಡ್ಡ ಹೆಜ್ಜೆ ಹಾಕಬೇಕು. ಅಟ್ಟೆ ಸವೆದ ಶೂ ಬೇಡ.

ಬೆಳಿಗ್ಗೆ 6.30ಕ್ಕೆ ಹೊರಟು, ಬಂಡೆ ಕಾಯುವ ಮುಂಚೆ, ಅಂದರೆ 11ರೊಳಗೆ ಕೆಳಗಿರಬೇಕು. ಡಿಸೆಂಬರಿನಲ್ಲಿ ಸಂಜೆ 6ರ ಸುಮಾರಿಗೇ ಹೊತ್ತು ಮುಳುಗುವುದರಿಂದ ಮಧ್ಯಾಹ್ನದ ಮೇಲೆ ಹತ್ತುವುದು ಬೇಡ. ಈ ಸೀಮೆಯ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ತಲೆಗೆ ಮೂರು ಲೀಟರ್ ನೀರು ಹೊತ್ತೊಯ್ಯಬೇಕು, ಅರ್ಧ ಖಾಲಿಯಾದರೆ ಎಲ್ಲಿದ್ದರೂ ತಿರುಗಬೇಕು. ದೊಣೆಯ, ಅಂದರೆ ಬಂಡೆಯ ಕುಳಿಯಲ್ಲಿ ನಿಂತ ನೀರನ್ನು ನಂಬಿಕೊಳ್ಳುವಂತಿಲ್ಲ. ಅದರಲ್ಲಿ ಈಜಲು ಇಳಿಯುವುದಂತೂ ಇನ್ನೂ ಅಪಾಯ: ಅಂಚು ಒಳಕ್ಕೆ ಇಳಿಜಾರಾಗಿ ಪಾಚಿ ಕಟ್ಟಿರುತ್ತದೆ, ಈಜು ಬಲ್ಲವನಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ.

ಚಾಚುಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುವುದುಂಟು. ಹೊಗೆ, ಕೂಗಾಟ, ಸೆಂಟಿನ ವಾಸನೆ ಅವನ್ನು ಕೆರಳಿಸುತ್ತವೆ. ಎದ್ದರೆ ಕೈ ಬೀಸದೆ ಮುಖ ಮುಚ್ಚಿಕೊಂಡು, ಕಾಲಡಿ ನೋಡಿಕೊಂಡೇ ದೂರ ಸರಿಯಬೇಕು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಬೆಂಕಿಕಡ್ಡಿ ಗೀರುವುದೇ ತಪ್ಪು. ಒಣಗಿದ ಬಾದೆಹುಲ್ಲಿಗೆ ಒಂದು ಕಿಡಿ ತಗುಲಿದರೆ ಇಡೀ ಮಗ್ಗುಲು ಹೊತ್ತಿಕೊಳ್ಳುತ್ತದೆ.

– ಕೆಲವು ಚಾರಣಿಗರು, ತುಮಕೂರು