ಪಂಪ್‌ಸೆಟ್ ಬಿಚ್ಚಿದ ಮಗಳಿಗೆ

ಬೈತಖೋಲ್, ಕಾರವಾರ

ತಂಗೀ,

ಅಜ್ಜನ ಕಾಲದ ಡೀಸೆಲ್ ಪಂಪ್‌ಸೆಟ್ಟನ್ನು ನೀನು ಅಂಗಳದಲ್ಲಿ ಹರವಿಕೊಂಡು ಕೂತ ಫೋಟೋ ನೋಡಿದೆ. ತುಕ್ಕು ಉಜ್ಜಲು ಶಿರಸಿ ಪೇಟೆಯಿಂದ 80 ನಂಬರಿನ ಎಮರಿ ಪೇಪರ್ ತರುತ್ತೇನೆ ಅಂದೆಯಲ್ಲ, ಸ್ವಲ್ಪ ತಡಿ. ನಂಬರ್ ಕಡಿಮೆಯಾದಷ್ಟೂ ಪೇಪರಿಗೆ ಅಂಟಿಸಿದ ಹರಳು ದಪ್ಪ. 80 ತುಕ್ಕನ್ನೂ ಕೀಳುತ್ತದೆ, ಅಡಿಯ ಕಬ್ಬಿಣವನ್ನೂ ಗೀರುತ್ತದೆ. ಬಣ್ಣ ಬಳಿಯುವ ಸ್ಟ್ಯಾಂಡಿಗೆ, ಫ್ಲೈವೀಲ್ ಎಂಬ ಭಾರದ ಚಕ್ರದ ಪಕ್ಕೆಗೆ ಅಡ್ಡಿಲ್ಲ. ಅಲ್ಲೂ ಮೊದಲು ತಂತಿ ಬ್ರಷ್ ಹಾಕಿ ನೋಡು.

ತುಕ್ಕು ಎಷ್ಟಿದೆ ಅಂತ ನೋಡಿ ಪೇಪರ್ ಆರಿಸಬೇಡ. ಇಂಜಿನ್ ಓಡುವಾಗ ಆ ಭಾಗ ಯಾವುದಕ್ಕೆ ತಾಗುತ್ತದೆ, ಅದನ್ನು ನೋಡು.

ಹೆಡ್ಡಿನ, ಅಂದರೆ ಸಿಲಿಂಡರಿನ ಮುಚ್ಚಳದ ಮುಖಕ್ಕೆ, ಒದ್ದೆ ಮಾಡಿ ಉಜ್ಜುವ 400ರ ವಾಟರ್ ಪೇಪರ್ ಸಾಕು. ದಪ್ಪ ಗಾಜಿನ ಮೇಲೆ ಅದನ್ನು ಹಾಸಿ, ಚಿಮಣಿ ಎಣ್ಣೆ ಹನಿಸಿ, ಹೆಡ್ಡನ್ನೇ ಅದರ ಮೇಲೆ 8 ಬರೆದಂತೆ ಆಡಿಸು. ಪೇಪರನ್ನು ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿದ್ದಲ್ಲೇ ತಗ್ಗು ಬಿದ್ದು, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಒತ್ತಿದ ಗಾಳಿ, ಸೋರುತ್ತದೆ. ವಾಲ್ವಿಗೆ ಹರಳು ಬೆರೆಸಿದ ಗ್ರೈಂಡಿಂಗ್ ಪೇಸ್ಟ್. ವಾಲ್ವು ಕೂರುವ ಸೀಟಿನಲ್ಲಿ ಹೊಂಡ ಬಿದ್ದಿದ್ದರೆ ಮಾತ್ರ ದಪ್ಪದ್ದು, ಇಲ್ಲವಾದರೆ ನುಣುಪಿನದೇ. ಸುತ್ತಲೂ ಒಂದೇ ಸಮ ಬೂದು ಗೆರೆ ಕಂಡ ಕೂಡಲೇ ನಿಲ್ಲಿಸು. ಪಿಸ್ಟನ್ ಅಲ್ಯೂಮಿನಿಯಂ, ಉಕ್ಕಿನ ಬ್ರಷ್ ತಾಗಿಸಬೇಡ. ಡೀಸೆಲ್ಲಿನಲ್ಲಿ ನೆನೆಹಾಕಿ ಬಿದಿರಿನ ಚಕ್ಕೆಯಿಂದ ಮಸಿ ಕೆರೆ.

ಪಿಸ್ಟನ್ ತಿರುಗಿಸುವ ದಂಡ, ಆ ಕ್ರ್ಯಾಂಕಿಗೆ ಪೇಪರ್ ಹಿಡಿಯಲೇಬೇಡ. ಅದು ಲೇತಿನವರ ಕೆಲಸ, ಅಳತೆ ಅವರೇ ನೋಡಲಿ. ಪಿಸ್ಟನ್ ಓಡಾಡುವ ಕೊಳವೆ, ಆ ಲೈನರನ್ನು ಕನ್ನಡಿಯಂತೆ ಹೊಳೆಸುವ ಆಸೆಯೂ ಬೇಡ. ಹೋನಿಂಗ್ ಮಾಡುವಾಗ, ಅಂದರೆ ಕಲ್ಲಿನಿಂದ ಒಳಗೋಡೆ ಉಜ್ಜುವಾಗ, ಬಿದ್ದ ಅಡ್ಡಡ್ಡ ಗೆರೆಗಳಲ್ಲೇ ಎಣ್ಣೆ ನಿಲ್ಲುವುದು. ತುಕ್ಕು ಹೋಗಲು ಗಾಳಿಯ ರಭಸದಲ್ಲಿ ಮರಳು ಹೊಡೆಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಆ ಧೂಳು ಶ್ವಾಸಕೋಶಕ್ಕೆ ಕೇಡು, ಇಂಜಿನ್ನಿನ ಎಣ್ಣೆ ದಾರಿಗಳಲ್ಲೂ ಮರಳು ಉಳಿಯುತ್ತದೆ.

ಉಜ್ಜುವುದಕ್ಕಿಂತ ತೊಳೆಯುವುದಕ್ಕೇ ಹೆಚ್ಚು ಹೊತ್ತು ಕೊಡು. ಉಳಿದ ಹರಳು ಬೇರಿಂಗಿನ ಮೆತ್ತನೆ ಲೋಹದಲ್ಲಿ ಕಚ್ಚಿಕೊಂಡು ಕ್ರ್ಯಾಂಕನ್ನೇ ಸವೆಸುತ್ತದೆ. ಚಿಮಣಿ ಎಣ್ಣೆ ಜಿಡ್ಡು ತೆಗೆದೀತು, ಆದರೆ ಗೆರೆಯೊಳಗಿನ ಹರಳು ಅಷ್ಟಕ್ಕೇ ಹೋಗದು. ಬಿಸಿನೀರು, ಸೋಪು, ಗಟ್ಟಿ ಬ್ರಷ್ ಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಹತ್ತಬಾರದು. ಒರೆಸಿದ ಕೈಯಲ್ಲೇ ಎಣ್ಣೆ ಸವರು. ಮಲೆನಾಡಿನ ಮಳೆಗಾಲ, ಬೆಳಗಾಗುವುದರೊಳಗೆ ಕೆಂಪಡರುತ್ತದೆ. ಇಲ್ಲಿ ಬಂದರಿನಲ್ಲಿ ನಮಗೆ ಉಪ್ಪುಗಾಳಿಯ ಕಾಟ ಬೇರೆ. ಬೋಟಿನ ಭಾಗಗಳನ್ನು ಸಿಹಿನೀರಲ್ಲಿ ತೊಳೆಯದೆ ಪೇಪರ್ ಮುಟ್ಟುವುದೇ ಇಲ್ಲ.

ಲೈನರಿನ ಒಳಗೋಡೆಯನ್ನು ಬಿಸಿಲಲ್ಲಿ ಫೋಟೋ ತೆಗೆದು ಕಳಿಸು. ಗೀರು ಉಗುರಿಗೆ ತಡೆಯುವಷ್ಟು ಆಳವಿದ್ದರೆ ಹೋನಿಂಗಿಗೆ ದುಡ್ಡು ಹಾಕುವುದು ಬೇಡ, ಹೊಸ ಲೈನರ್ ಇಲ್ಲೇ ವಿಚಾರಿಸುತ್ತೇನೆ. ಬಿಸಿನೀರಿಗೆ ಆಯಿಯ ಅಡುಗೆ ಪಾತ್ರೆ ಮಾತ್ರ ಮುಟ್ಟಬೇಡ ಮಾರಾಯ್ತಿ, ಬೈಗುಳ ನನಗೆ ಬರುತ್ತದೆ.

ನಿನ್ನ ಅಪ್ಪ