ಅಂಬೇಡ್ಕರ್ ಜಯಂತಿಯ ದಿನ ಬೀದಿ ನಾವು ಗುಡಿಸೋಣ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಜನವರಿಯ ಮೂರನೇ ಸೋಮವಾರ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ದಿನ. 1986ರಿಂದ ರಾಷ್ಟ್ರೀಯ ರಜೆ. 1994ರಲ್ಲಿ ಕಾನೂನು ಮಾಡಿ ಅದನ್ನು ಸೇವೆಯ ದಿನವನ್ನಾಗಿಯೂ ಮಾಡಿದರು. ಅದಕ್ಕಾಗಿ ಓಡಾಡಿದವರಲ್ಲಿ ಸಂಸದರಾಗಿದ್ದ ಜಾನ್ ಲೂಯಿಸ್ ಒಬ್ಬರು. 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಸೆಲ್ಮಾ ಊರಿನಲ್ಲಿ ನಡೆದ ಮೆರವಣಿಗೆಯಲ್ಲಿ ಪೊಲೀಸರ ಲಾಠಿಗೆ ತಲೆ ಒಡೆಸಿಕೊಂಡವರು. ಮಗಳ ಮನೆಗೆ ಬಂದಿರುವ ನಾನು ಈ ವರ್ಷ ಮೆಂಫಿಸ್ ನಗರದಲ್ಲಿ ಆ ದಿನ ಕಳೆದೆ. ನಾನು ನಗರಸಭೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ಇದನ್ನು ಬರೆಯದೆ ಇರಲು ಆಗಲಿಲ್ಲ.

ಕಿಂಗ್ ಅಂದರೆ ನಮಗೆಲ್ಲ 1963ರ 'ನನಗೊಂದು ಕನಸಿದೆ' ಎಂಬ ವಾಷಿಂಗ್ಟನ್ ಭಾಷಣ ನೆನಪಾಗುತ್ತದೆ. ಅವರು ಕಡೆಗೆ ಪ್ರಾಣ ಬಿಟ್ಟಿದ್ದು ಕಸ ಎತ್ತುವವರ ಪರವಾಗಿ ನಿಂತಾಗ ಅನ್ನುವುದು ಎಷ್ಟು ಜನಕ್ಕೆ ಗೊತ್ತು? 1968ರ ಫೆಬ್ರುವರಿ 1ರಂದು ಮೆಂಫಿಸ್‌ನಲ್ಲಿ ಜೋರು ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರು ನೆನೆಯಬಾರದೆಂದು ಕಸದ ಲಾರಿಯ ಹಿಂಬದಿಯಲ್ಲಿ ನಿಂತರು. ಕಸ ಒತ್ತುವ ಯಂತ್ರ ಇದ್ದಕ್ಕಿದ್ದಂತೆ ಚಾಲೂ ಆಗಿ ಇಬ್ಬರನ್ನೂ ನುಂಗಿತು. ಅಂಥ ಹಳೇ ಲಾರಿಗಳು ಬೇಡವೆಂದು ಕಾರ್ಮಿಕರು ಮೊದಲೇ ಹೇಳಿದ್ದರು. ಕೇಳುವವರಿರಲಿಲ್ಲ. ನಾನು ವರ್ಷಗಟ್ಟಲೆ ಕಾಂಪ್ಯಾಕ್ಟರ್ ಹಿಂದೆ ನಿಂತವನು. ಆ ಕಬ್ಬಿಣದ ಹಲಗೆ ಇಳಿಯುವ ಸದ್ದು ಚೆನ್ನಾಗಿ ಗೊತ್ತು. ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಕೆಲವೇ ದಿನಗಳಲ್ಲಿ ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. 'ನಾನು ಮನುಷ್ಯ' ಎಂಬ ಫಲಕ ಹಿಡಿದು ಬೀದಿಗಿಳಿದರು. ಅವರ ಜೊತೆ ನಿಲ್ಲಲು ಬಂದಿದ್ದ ಕಿಂಗ್ ಅವರಿಗೆ ಏಪ್ರಿಲ್ 4ರಂದು ಲೊರೇನ್ ಮೋಟೆಲ್‌ನ ಬಾಲ್ಕನಿಯಲ್ಲಿ ಗುಂಡು ಬಿತ್ತು. ವಯಸ್ಸು ಬರೀ 39. ಏಪ್ರಿಲ್ 16ರಂದು ನಗರಾಡಳಿತ ಮಣಿದು ಯೂನಿಯನ್ ಒಪ್ಪಿಕೊಂಡಿತು, ಸಂಬಳವನ್ನೂ ಏರಿಸಿತು.

ಸೇವೆಯ ದಿನ ಜನ ಶಾಲೆಗೆ ಬಣ್ಣ ಬಳಿಯುತ್ತಾರೆ, ಊಟದ ಪೊಟ್ಟಣ ಕಟ್ಟುತ್ತಾರೆ. ನಾವು ಹೋದದ್ದು ಒಂದು ಮೋರಿಯ ದಂಡೆ ಸ್ವಚ್ಛ ಮಾಡಲು. ಉಸ್ತುವಾರಿಗೆ ಇದ್ದವರು ಕಸದ ಇಲಾಖೆಯಲ್ಲೇ ದುಡಿದು ನಿವೃತ್ತರಾದ ಹಿರಿಯರು. ಹುಡುಗರು ಚೀಲಗಳನ್ನು ಕಂಠಮಟ್ಟ ತುಂಬುತ್ತಿದ್ದರು. ಆ ಹಿರಿಯರು ತಡೆದರು. ಅರ್ಧ ತುಂಬಿದ ಕೂಡಲೇ ಕಟ್ಟಿ, ನಾಳೆ ಇದನ್ನು ಒಬ್ಬ ಮನುಷ್ಯ ಎತ್ತಬೇಕು ಎಂದರು. ಒಡೆದ ಗಾಜನ್ನು ರಟ್ಟಿನ ಡಬ್ಬಿಗೆ ಹಾಕಿಸಿ, ಮೇಲೆ ದಪ್ಪ ಅಕ್ಷರದಲ್ಲಿ 'ಗಾಜು' ಎಂದು ಬರೆಸಿದರು. ಕಿಂಗ್ ಬಗ್ಗೆ ಅವರು ಭಾಷಣ ಮಾಡಲಿಲ್ಲ. ಆದರೆ ಅವತ್ತು ಬಂದ ಮಕ್ಕಳು ಇನ್ನು ಮುಂದೆ ಚೀಲ ಕಟ್ಟುವಾಗ ಎತ್ತುವವರನ್ನು ನೆನೆಯುತ್ತಾರೆ.

ನಮ್ಮಲ್ಲಿ ಏಪ್ರಿಲ್ 14ರಂದು ಅಂಬೇಡ್ಕರ್ ಜಯಂತಿ. ಹಾರ, ಮೆರವಣಿಗೆ, ಭಾಷಣ ಎಲ್ಲ ಇರಲಿ, ಬೇಕು. ಆದರೆ ಅವತ್ತು ಬೆಳಗಿನ ಜಾವವೂ ಬೀದಿ ಗುಡಿಸುವವರು ಬಾಬಾಸಾಹೇಬರ ಜನವೇ. ಸಭೆ ಮುಗಿದ ಮೇಲೆ ಊಟದ ತಟ್ಟೆ ಎತ್ತುವವರೂ ಅವರೇ. ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದ ರಾಜ್ಯ ನಮ್ಮದು. ಇಷ್ಟು ಮಾಡಿದವರು ಇನ್ನೊಂದು ಹೆಜ್ಜೆ ಇಡಬಹುದು ಅಲ್ವಾ?

ಜಯಂತಿಯ ದಿನ ಎಲ್ಲ ಪೌರಕಾರ್ಮಿಕರಿಗೂ ಸಂಬಳ ಸಹಿತ ರಜೆ ಕೊಡಲಿ, ಗುತ್ತಿಗೆಯವರಿಗೂ ಸೇರಿಸಿ. ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಅವರಿಗೇ ಇರಲಿ. ಅವತ್ತು ಬೀದಿ ಗುಡಿಸುವ ಕೆಲಸ ಬಡಾವಣೆಗಳಲ್ಲಿರುವ ನಮ್ಮಂಥವರದು, ಯಾವತ್ತೂ ಬೀದಿಯಲ್ಲಿ ಪೊರಕೆ ಹಿಡಿಯದ ಮನೆಗಳವರದು. ದಲಿತ ಕೇರಿಯ ಹುಡುಗರನ್ನೇ ಕರೆದು ಸ್ವಚ್ಛತಾ ಅಭಿಯಾನ ಮಾಡಿಸುವುದು ಮಾತ್ರ ಖಂಡಿತ ಬೇಡ. ಏಪ್ರಿಲ್ ಹೊತ್ತಿಗೆ ನಾನು ಊರಿಗೆ ವಾಪಸಾಗಿರುತ್ತೇನೆ. ನಮ್ಮ ವಾರ್ಡಿನಲ್ಲಿ ಯಾರು ಯಾವ ರಸ್ತೆ ಎಂದು ಪಟ್ಟಿ ಮಾಡುವ ಕೆಲಸ ನನಗಿರಲಿ. ಜೊತೆಗೆ ಬರುವವರು ಕೈಗವಸು ತನ್ನಿ.

ಇಂತಿ,
ಒಬ್ಬ ನಿವೃತ್ತ ಹೆಲ್ತ್ ಇನ್ಸ್‌ಪೆಕ್ಟರ್, ಹಾಸನ
(ಸದ್ಯ ಮೆಂಫಿಸ್‌ನಿಂದ)